ಹಳೇ ಲೆನ್ಸಿಗೆ ಹೊಸ ಕ್ಯಾಮೆರಾ

ರಾಜಾಜಿನಗರದ ಕಲ್ಯಾಣ ಮಂಟಪಗಳಲ್ಲಿ ಮದುವೆ ಫೋಟೊ ತೆಗೆದು ಸಂಸಾರ ನಡೆಸಿದವನು ನಾನು. ರೀಲಿನ ಕಾಲ ಮುಗಿದರೂ ಆಗಿನ ನಿಕಾನ್ ಲೆನ್ಸುಗಳನ್ನು ಮಾರಲಿಲ್ಲ. ಇದು ಗೊತ್ತಿರುವ ಬಸವೇಶ್ವರನಗರದ ಹುಡುಗರು ಅಪ್ಪನದೋ ತಾತನದೋ ಲೆನ್ಸ್ ಹಿಡಿದು ಬರುತ್ತಾರೆ: “ಅಂಕಲ್, ಇದಕ್ಕೆ ಯಾವ ಬಾಡಿ ತಗೊಳ್ಳಲಿ?”

ಮೊದಲು ಲೆನ್ಸಿನೊಳಗೆ ಮೊಬೈಲ್ ಟಾರ್ಚ್ ಬಿಡುತ್ತೇನೆ. ನಮ್ಮೂರ ಮಳೆಗಾಲಕ್ಕೆ ಬೀರುವಿನಲ್ಲಿಟ್ಟ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಗಾಜು ಶುದ್ಧವಿದ್ದರೆ ಮಾತ್ರ ಮುಂದಿನ ಮಾತು.

ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿನವರೆಗಿನ ಅಂತರ ಒಂದೊಂದು ಮೌಂಟಿಗೆ ಒಂದೊಂದು. 1959ರ ನಿಕಾನ್ ಎಫ್ ಮೌಂಟಿಗೆ 46.5 ಮಿ.ಮೀ., ಕ್ಯಾನನ್ ಎಫ್‌ಡಿಗೆ 42. ಕನ್ನಡಿ ಇರುವ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ 44. ಅದಕ್ಕೆ ತೆಳು ಅಡಾಪ್ಟರ್ ಹಾಕಿ ನಿಕಾನ್ ಲೆನ್ಸ್ ಕೂರಿಸಬಹುದು. ಕ್ಯಾನನ್ನಿನದೇ ಎಫ್‌ಡಿ ಲೆನ್ಸ್ ಹಾಗೆ ಕೂರಿಸಿದರೆ ದೂರದ್ದು ಫೋಕಸ್ ಆಗುವುದಿಲ್ಲ. ಮಿರರ್‌ಲೆಸ್ ಬಾಡಿಗಳಲ್ಲಿ ಈ ತಂಟೆಯಿಲ್ಲ: ಸೋನಿ ಇ 18, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಅಡಾಪ್ಟರಿಗೆ ಧಾರಾಳ ಜಾಗ.

ಇನ್ನು ಕೈನಡುಕ. 1995ರಲ್ಲಿ ಕ್ಯಾನನ್ ತನ್ನ 75-300 ಲೆನ್ಸಿನೊಳಗೇ ನಡುಕ ತಡೆಯುವ ಗಾಜು ಇಟ್ಟಿತು. ತಾತನ ಲೆನ್ಸಿಗೆ ಅದರಿಂದೇನೂ ಲಾಭವಿಲ್ಲ. ಸೆನ್ಸರನ್ನೇ ಅಲುಗಿಸುವ ಬಾಡಿಯಾದರೆ ಯಾವ ಲೆನ್ಸಿಗೂ ಆಸರೆ ಸಿಗುತ್ತದೆ. ಮಿನೋಲ್ಟಾ, ಪೆಂಟಾಕ್ಸ್ ತಮ್ಮ ಡಿಎಸ್‌ಎಲ್‌ಆರ್‌ಗಳಲ್ಲಿ ಇದನ್ನು ತಂದವು. ನಿಕಾನ್, ಕ್ಯಾನನ್ ತರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೆಸರು ಸರಿಯಾಗಿ ಓದಬೇಕು: ಸೋನಿಯ ಮೊದಲ ಎ7ನಲ್ಲಿ ಇದಿಲ್ಲ, 2014ರ ಎ7 ಟೂನಲ್ಲಿದೆ. ನಿಕಾನ್ ಝಡ್6ನಲ್ಲಿದೆ, ಝಡ್50ಯಲ್ಲಿಲ್ಲ.

ಬಾಡಿ ತಂದರಷ್ಟೇ ಸಾಲದು, ಅದಕ್ಕೆ ಲೆನ್ಸಿನ ಮಿಲಿಮೀಟರ್ ಹೇಳಬೇಕು. ಕೈ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದರೆ 50ರ ಲೆನ್ಸಿನಲ್ಲಿ ಬಿಂಬ ಸುಮಾರು 0.09 ಮಿ.ಮೀ. ಸರಿಯುತ್ತದೆ, 135ರಲ್ಲಿ 0.24. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರಿನ ಒಂದು ಪಿಕ್ಸೆಲ್ 0.006 ಮಿ.ಮೀ. ಮಾತ್ರ, ಕಲೆಸಿಹೋಗಲು ಅಷ್ಟು ಸಾಕು. ಹೊಸ ಲೆನ್ಸ್ ತನ್ನ ಅಳತೆಯನ್ನು ತಾನೇ ತಿಳಿಸುತ್ತದೆ. ಹಳೆಯದಕ್ಕೆ ನಾವೇ ತುಂಬಬೇಕು, ಸೋನಿಯಲ್ಲಿ ಸ್ಟೆಡಿಶಾಟ್ ಮೆನುವಿನಲ್ಲಿ, ನಿಕಾನ್‌ನಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾದಲ್ಲಿ. ಲೆನ್ಸಿನ ಮೇಲೆ ಕೆತ್ತಿದ ಸಂಖ್ಯೆಯನ್ನೇ ಹಾಕಿ. ಸೆನ್ಸರ್ ಚಿಕ್ಕದೆಂದು ಗುಣಿಸಬೇಡಿ. 135 ತೆಗೆದು 50 ಹಾಕಿಯೂ ಮೆನುವಿನಲ್ಲಿ 135 ಉಳಿದಿದ್ದರೆ ಸೆನ್ಸರ್ ಬೇಕಾದ್ದಕ್ಕಿಂತ ಹೆಚ್ಚು ಓಡಿ ತಾನೇ ಚಿತ್ರ ಕೆಡಿಸುತ್ತದೆ.

ಈ ಆಸರೆ ನನ್ನ ಕೈಗೆ ಮಾತ್ರ, ಎದುರಿನವರ ಕೈಗಲ್ಲ. ಮುಸ್ಸಂಜೆ ಕಾರ್ಡ್ ರೋಡಿನಿಂದ ಇಸ್ಕಾನ್ ಗೋಪುರವನ್ನು 1/8 ಸೆಕೆಂಡಿನಲ್ಲಿ ಟ್ರೈಪಾಡ್ ಇಲ್ಲದೆ ತೆಗೆಯಬಹುದು. ವಿಜಯನಗರ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಬೆರಳಿಗೆ ಅದೇ ವೇಗ ಇಟ್ಟರೆ ಮಲ್ಲಿಗೆ ಸ್ಪಷ್ಟ, ಬೆರಳು ಮಂಜು. ಅಲ್ಲಿ ಐಎಸ್‌ಒ ಏರಿಸಿ 1/250ಕ್ಕೆ ಹೋಗಲೇಬೇಕು.

ಮನೆಯಲ್ಲಿರುವುದು 28, 35, 50 ಮಾತ್ರ, ತೆಗೆಯುವುದು ಹಗಲಲ್ಲಿ ಎಂದಾದರೆ ಈ ಸೌಲಭ್ಯಕ್ಕೆ ಹೆಚ್ಚು ದುಡ್ಡು ಬೇಡ. 135, 200 ಇದ್ದರೆ, ಸಂಜೆಯ ಚಿತ್ರ ಬೇಕಿದ್ದರೆ, ಕೊಡಿ. ಕೊಳ್ಳುವ ಮುಂಚೆ ನಿಮ್ಮ ಲೆನ್ಸನ್ನು ಅಂಗಡಿಗೇ ಒಯ್ದು, ಸಂಖ್ಯೆ ತುಂಬಿ, 1/15ರಲ್ಲಿ ಸ್ಟೆಬಿಲೈಸೇಶನ್ ಹಾಕಿ ಒಂದು, ತೆಗೆದು ಒಂದು ಚಿತ್ರ ಹೊಡೆದು ಹಿಗ್ಗಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.