ಗಾಲಿ ಮನೆಗೆ ಮುಂಗಡ ಕೊಡುವ ಮುನ್ನ

ಪುಣೆಗೆ ಬಂದ ಎಂಟು ವರ್ಷಗಳಲ್ಲಿ ಐದು ಬಾಡಿಗೆ ಮನೆ ಕಂಡಿದ್ದೇವೆ. ಹನ್ನೊಂದು ತಿಂಗಳ ಕರಾರು ಮುಗಿದರೆ ಮತ್ತೆ ರಟ್ಟಿನ ಪೆಟ್ಟಿಗೆ, ಮತ್ತೆ ಬ್ರೋಕರ್. ಕಳೆದ ವರ್ಷ ಬೇಸತ್ತು, 'ಕೆಲಸ ಹೇಗೂ ಮನೆಯಿಂದಲೇ, ಮನೆಯನ್ನೇ ಗಾಲಿಯ ಮೇಲೆ ಇಟ್ಟರಾಯಿತು' ಎಂದುಕೊಂಡೆ. ಟೆಂಪೊ ಟ್ರಾವೆಲರ್ ಮಾರ್ಪಡಿಸಿದ ಹಳೆಯ ಕ್ಯಾಂಪರ್ ವ್ಯಾನ್ ಒಂದು ಸಿಕ್ಕಿತು. ಮಂಚ, ಸಿಂಕ್, ಶೌಚಾಲಯ ಎಲ್ಲ ಇತ್ತು. ಫ್ಲ್ಯಾಟಿಗೆಂದು ಕೂಡಿಟ್ಟ ಹಣದಲ್ಲಿ ಮುಂಗಡ ಕೊಡುವವನಿದ್ದೆ. ಹೆಂಡತಿ ತಡೆದಳು: "ರೀ, ಮೊದಲು ಅಂಥದ್ದೊಂದನ್ನ ನಾಲ್ಕು ದಿನ ಬಾಡಿಗೆಗೆ ತಂದು ಇದ್ದು ನೋಡೋಣ."

ಮಹಾಬಳೇಶ್ವರದ ಕಡೆ ಹೊರಟೆವು. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ ಎಂಬುದು ಪಸರಣಿ ಘಾಟ್ ಹತ್ತುವಾಗ ಅರಿವಾಯಿತು. ಅಷ್ಟು ನೀರೂ ಸ್ನಾನ, ಪಾತ್ರೆಗೆಂದು ಎರಡೇ ದಿನಕ್ಕೆ ಖಾಲಿ. 12 ವೋಲ್ಟ್, 200 ಆಂಪಿಯರ್-ಅವರ್ ಬ್ಯಾಟರಿ ತುಂಬಿದಾಗ ಇರುವುದು 2.4 ಯೂನಿಟ್ ಮಾತ್ರ. ಲ್ಯಾಪ್‌ಟಾಪ್, ಫ್ಯಾನಿಗೆ ಧಾರಾಳ. ಒಂದು ಕಿಲೋವ್ಯಾಟಿನ ಎಸಿ ಹಾಕಿದರೆ ಎರಡು ಗಂಟೆ ಚಿಲ್ಲರೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ರಾತ್ರಿ ಗಾಡಿ ನಿಲ್ಲಿಸುವುದೆಲ್ಲಿ, ಶೌಚದ ಟ್ಯಾಂಕ್ ಖಾಲಿ ಮಾಡುವುದೆಲ್ಲಿ? ಎರಡು ರಾತ್ರಿ ಲಾಡ್ಜಿನವರಿಗೆ ದುಡ್ಡು ಕೊಟ್ಟು ಅವರ ಅಂಗಳದಲ್ಲಿ ಮಲಗಿದೆವು.

ಹಿಂದಿರುಗಿ, ನಾನು ಮೆಚ್ಚಿದ್ದ ವ್ಯಾನಿನ ಆರ್‌ಸಿ ಕೇಳಿದೆ. ಒಳಗೆ ಎರಡು ಮಂಚ. ಕಾಗದದಲ್ಲಿ ಇನ್ನೂ 13 ಸೀಟು! ಗಾಡಿಯ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಆದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆ ಕಂಪನಿ ಕೈಯೆತ್ತಬಹುದು. ಮಾರುವವರು "ಯಾರೂ ನೋಡಲ್ಲ ಸರ್" ಎಂದರು. ನಾನು ನೋಡಿಯಾಗಿತ್ತು.

ನಮ್ಮಂಥ ಹೊರನಾಡಿಗರಿಗೆ ಇನ್ನೂ ಎರಡು ಮಾತು. ಊರಲ್ಲಿ ಅಗ್ಗವೆಂದು ಕೆಎ ನಂಬರಿನ ಗಾಡಿ ತಂದು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಆ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ. ಜತೆಗೆ, ಬ್ಯಾಂಕು, ಆಧಾರ್‌ ಎಲ್ಲ ಕೇಳುವುದು ನಿಂತಲ್ಲೇ ನಿಂತ ವಿಳಾಸವನ್ನು. ಅದಕ್ಕೊಂದು ದಾರಿ ಮಾಡಿಕೊಳ್ಳದೆ ಮನೆ ಬಿಡಬೇಡಿ.

ಆಸೆ ಬಿಟ್ಟಿಲ್ಲ. ಕಾಗದ ಸರಿಯಿರುವ ವ್ಯಾನ್ ಸಿಕ್ಕರೆ ಕೊಳ್ಳುತ್ತೇವೆ. ಅಲ್ಲಿಯವರೆಗೆ ಮುಂಗಡದ ಹಣ ಬ್ಯಾಂಕಿನಲ್ಲೇ ಇದೆ, ನಾವು ಆರನೆಯ ಬಾಡಿಗೆ ಮನೆಯಲ್ಲಿ.