ಸೀತಾಳೆ ದಂಡೆಯ ಬೇರಿಗೆ ಗಾಳಿ ಬೇಕು

ಮುಂಗಾರು ಹಿಡಿಯುವ ಮುಂಚೆ, ಮೇ ತಿಂಗಳ ಹೊತ್ತಿಗೆ, ಮಲೆನಾಡಿನ ಹಲಸು, ಮಾವು, ಮತ್ತಿ ಮರಗಳ ಕೊಂಬೆಗಳಿಂದ ಸೀತಾಳೆ ದಂಡೆ ಇಳಿಬೀಳುತ್ತದೆ. ಒಂದೊಂದು ದಂಡೆ ಒಂದು ಮೊಳಕ್ಕೂ ಉದ್ದ, ತುಂಬ ಹೂವು. ಒಂದೇ ಒಂದು ಹೂವನ್ನು ಬೆರಳ ತುದಿಯಲ್ಲಿಟ್ಟು ನೋಡಿ: ಬಿಳಿ ಎಸಳಿನ ಮೇಲೆ ನಸುನೇರಳೆ ಚುಕ್ಕಿ, ಮುಂದೆ ಚಾಚಿದ ತುಟಿಯೊಂದು ಮಾತ್ರ ಅಚ್ಚ ನೇರಳೆ, ಅದರ ಹಿಂದೆ ಪುಟ್ಟದೊಂದು ಚೀಲ. ನಮ್ಮ ಅಜ್ಜಿಯ ಕಾಲದ ಹೆಣ್ಣುಮಕ್ಕಳು ಇದನ್ನು ಮುಡಿಯದೆ ಮದುವೆಮನೆಗೆ ಹೊರಡುತ್ತಿರಲಿಲ್ಲ. ಅಸ್ಸಾಮಿನಲ್ಲಿ ಬಿಹು ಕುಣಿಯುವವರ ತುರುಬಿಗೂ ಇದೇ ಹೂವು. ಅಲ್ಲಿ ಇದು ರಾಜ್ಯಪುಷ್ಪವೂ ಹೌದು. ಸಸ್ಯಶಾಸ್ತ್ರದವರು ಈ ಆರ್ಕಿಡನ್ನು ರಿಂಕೋಸ್ಟೈಲಿಸ್ ರೆಟ್ಯೂಸ ಎನ್ನುತ್ತಾರೆ.

ಮರದ ರಸ ಹೀರುವ ಬಂದಳಿಕೆಯೆಂದು ತಿಳಿದು ಇದನ್ನು ಕಿತ್ತೆಸೆಯುವ ತೋಟದವರನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಬಂದಳಿಕೆ ಬೇರೆ, ಇದು ಬೇರೆ. ಸೀತಾಳೆಗೆ ಮರ ಬೇಕಾದದ್ದು ಕೂರುವುದಕ್ಕೆ ಮಾತ್ರ. ಇದರ ಬೇರು ತೊಗಟೆಯನ್ನು ಅಪ್ಪಿಕೊಳ್ಳುತ್ತದೆಯೇ ಹೊರತು ಒಳಕ್ಕೆ ಇಳಿಯುವುದಿಲ್ಲ. ಮಳೆ, ಮಂಜು, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಪುಡಿ, ಇಷ್ಟರಲ್ಲೇ ಅದರ ಸಂಸಾರ.

ಈ ಗಿಡ ಸಾಕುವ ಗುಟ್ಟೆಲ್ಲ ಬೇರಿನಲ್ಲಿದೆ. ಒಣಗಿದ ಬೇರು ಬೆಳ್ಳಿಬಣ್ಣ. ಅದರ ಮೇಲೆ ನೀರು ಚಿಮುಕಿಸಿದರೆ ನೋಡುನೋಡುತ್ತಿದ್ದಂತೆ ಹಸಿರಾಗುತ್ತದೆ. ಬೇರಿನ ಹೊರಗೆ ಸತ್ತ ಕೋಶಗಳ ಪದರವೊಂದಿದೆ. ಅದು ಸ್ಪಂಜಿನಂತೆ ನೀರು ಹೀರಿಕೊಂಡಾಗ ಒಳಗಿನ ಹಸಿರು ಕಾಣುತ್ತದೆ. ನೆನೆದ ಬೇರು ಮತ್ತೆ ಒಣಗಲೇಬೇಕು, ಅದಕ್ಕೆ ಗಾಳಿ ಬೇಕು. ಕುಂಡಕ್ಕೆ ಕೆಮ್ಮಣ್ಣು, ಗೊಬ್ಬರ ತುಂಬಿ ಸೀತಾಳೆ ನೆಟ್ಟರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಅಂಗಳದಲ್ಲಿ ಒರಟು ತೊಗಟೆಯ ಮರವಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಬೆಳಗಿನ ಎಳೆಬಿಸಿಲು ಬೀಳುವ ಮಗ್ಗುಲಲ್ಲಿ ಹಳೆ ಸೀರೆಯ ಪಟ್ಟಿಯಿಂದಲೋ ತೆಂಗಿನ ಹುರಿಯಿಂದಲೋ ಅಲುಗಾಡದಂತೆ ಕಟ್ಟಿ. ಗಿಡ ನೆಟ್ಟಗಿರದೆ ಸ್ವಲ್ಪ ಓರೆಯಾಗಿರಲಿ. ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆತುಹೋಗುತ್ತದೆ. ಹೂ ಮುಗಿದು ಮಳೆ ಶುರುವಾಗುವ ಸಮಯವೇ ಕಟ್ಟುವುದಕ್ಕೆ ಹದ. ಹೊಸ ಬೇರು ಮೂಡಿ ತೊಗಟೆ ಹಿಡಿದ ಮೇಲೆ ಪಟ್ಟಿ ಬಿಚ್ಚಬಹುದು. ಬೆಂಗಳೂರಿನ ಬಾಲ್ಕನಿಯಾದರೆ ಮರದ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆ ಚೂರು ಹಾಕಿ ತೂಗುಬಿಟ್ಟರೆ ಸಾಕು. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ನೀರು, ಚಳಿಗಾಲದಲ್ಲಿ ಕಡಿಮೆ. ಕೊಳವೆಬಾವಿಯ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು. ಬೇರಿನ ತುದಿ ಹಸಿರಾಗಿ ಬೆಳೆಯುವ ದಿನಗಳಲ್ಲಿ 20-20-20 ಗೊಬ್ಬರವನ್ನು ತೀರಾ ತೆಳುವಾಗಿ ಕರಗಿಸಿ ಸಿಂಪಡಿಸಿ. ಒಮ್ಮೆ ನೆಲೆಯಾದ ಗಿಡವನ್ನು ಮತ್ತೆ ಮತ್ತೆ ಕಿತ್ತು ಜಾಗ ಬದಲಿಸಬೇಡಿ, ಅದು ಮುನಿಸಿಕೊಂಡು ಹೂವನ್ನೇ ಬಿಡುವುದಿಲ್ಲ.

ಕಾಡಿನಲ್ಲಿ ಇದರ ಸಂತಾನ ಬೆಳೆಯುವುದು ಸುಲಭವಲ್ಲ. ಕಾಯಿ ಒಡೆದರೆ ಹಾರುವ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಬುತ್ತಿಯೇ ಇಲ್ಲ. ತಕ್ಕ ಶಿಲೀಂಧ್ರವೊಂದು ಜೊತೆಯಾಗಿ ಆಹಾರ ಕೊಟ್ಟರೆ ಮಾತ್ರ ಮೊಳಕೆ. ಆ ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆತ ಅಗರ್‌ನಲ್ಲಿ ಆರ್ಕಿಡ್ ಬೀಜ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ. ಇಂದು ಪ್ರಯೋಗಾಲಯಗಳಲ್ಲಿ ಬೀಜದಿಂದ ಸಸಿ ಬೆಳೆಸುವುದು ಅದೇ ದಾರಿಯಲ್ಲಿ. ಹಾಗೆ ಬೆಳೆದ ಸಸಿಯೂ ಹೂ ಬಿಡಲು ವರ್ಷಗಟ್ಟಲೆ ಕಾಯಿಸುತ್ತದೆ. ಹೀಗಿರುವಾಗ ದೊಡ್ಡ ಮರದಿಂದ ಗಿಡದ ಹಿಂಡನ್ನೇ ಸುಲಿದು ರಸ್ತೆಬದಿಯಲ್ಲಿ ಕಟ್ಟು ಕಟ್ಟಾಗಿ ಮಾರುವುದು ನನಗೆ ಸಹಿಸಲಾಗದ ಕೆಲಸ.

ಅಂಥ ಕಟ್ಟನ್ನು ದಯವಿಟ್ಟು ಕೊಳ್ಳಬೇಡಿ. ನರ್ಸರಿಗೆ ಹೋದರೆ, ಗಿಡ ಪ್ರಯೋಗಾಲಯದ್ದೋ ಕಾಡಿನದೋ ಎಂದು ಕೇಳಿಯೇ ದುಡ್ಡು ಕೊಡಿ. ಗಾಳಿಮಳೆಗೆ ನಿಮ್ಮ ತೋಟದಲ್ಲಿ ಕೊಂಬೆ ಮುರಿದು ಬಿದ್ದಿದ್ದರೆ ಸೌದೆ ಮಾಡುವ ಮುನ್ನ ಒಮ್ಮೆ ತಿರುಗಿಸಿ ನೋಡಿ. ಸೀತಾಳೆ ಅಂಟಿಕೊಂಡಿದ್ದರೆ ಅವತ್ತೇ ಪಕ್ಕದ ಮರಕ್ಕೆ ಕಟ್ಟಿಬಿಡಿ.