ಹುಳು ಸಾಯುವಾಗ ಫಿಟ್ಸ್ ಯಾಕೆ ಬರುತ್ತೆ?

ನಮ್ಮ ಮೋರಟಗಿ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಕೈಗೆ ಕಬ್ಬಿಣ ಕೊಡ್ತಾರೆ. ಕೀಲಿಕೈ, ಕುಡಗೋಲು, ಏನು ಸಿಕ್ಕರೆ ಅದು. (ಒದ್ದಾಡುವವರ ಕೈಗೆ ಕುಡಗೋಲು, ಯೋಚನೆ ಮಾಡಿ!) ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ, ಹೆಸರು ಮಾತ್ರ ಕೀಲಿಕೈಗೆ.

1993–95ರಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 1 ಲಕ್ಷ ಜನರ ಸರ್ವೆ ಮಾಡಿದರು. ಮೂರ್ಛೆರೋಗ ಸಿಟಿಯಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಕಾರಣಗಳು ಹಲವು. ಅದರಲ್ಲಿ ಒಂದು, ಮೆದುಳಿನಲ್ಲಿ ಕೂತ ಲಾಡಿಹುಳುವಿನ ಮರಿ.

"ನಾವು ಹಂದಿ ತಿನ್ನಲ್ಲ, ನಮಗೇನು?" ಅನ್ನಬೇಡಿ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಬರೋದು ಹೊಟ್ಟೆಯ ಹುಳು. ಮೆದುಳಿಗೆ ಹೋಗೋದು ಅದರ ಮೊಟ್ಟೆಯಿಂದ ಹೊರಬಂದ ಮರಿ. ಆ ಮೊಟ್ಟೆ ಹುಳು ಇರುವ ಮನುಷ್ಯನ ಮಲದಲ್ಲಿ ಹೊರಬಿದ್ದು ಕೊಳಕು ಕೈ, ನೀರು, ಸೊಪ್ಪಿನ ಮೂಲಕ ನಮ್ಮ ಬಾಯಿ ಸೇರುತ್ತೆ. ರೊಟ್ಟಿ ಜೊತೆ ಹಸಿ ಮೆಂತ್ಯ, ಮೂಲಂಗಿ ತಿನ್ನೋರು ನಾವು.

ಮರಿ ಕರುಳು ಕೊರೆದು ರಕ್ತದ ಜೊತೆ ಮೆದುಳಿಗೆ ಹೋಗಿ, ನೀರು ತುಂಬಿದ ಸಣ್ಣ ಚೀಲವಾಗುತ್ತೆ. ನಮ್ಮ ರೋಗನಿರೋಧಕ ವ್ಯವಸ್ಥೆ ಸುಮ್ಮನಿರುತ್ತಾ? ಬಹುತೇಕ ಹೌದು! ಜೀವಂತ ಹುಳು ತಾನೇ ಪ್ರೋಟೀನುಗಳನ್ನು ಬಿಟ್ಟು ದಾಳಿಯನ್ನು ತಣ್ಣಗಿಡುತ್ತೆ. ವರ್ಷಗಟ್ಟಲೆ ಮನುಷ್ಯನಿಗೆ ಏನೂ ಗೊತ್ತಾಗಲ್ಲ. ಹುಳುವಿಗೆ ವಯಸ್ಸಾಗಿ ಸಾಯತೊಡಗಿದಾಗ ಚೀಲ ಸೋರುತ್ತೆ, ಗುಟ್ಟು ರಟ್ಟಾಗುತ್ತೆ. ಟಿ ಕೋಶಗಳು, ಮ್ಯಾಕ್ರೋಫೇಜ್‌ಗಳು ನುಗ್ಗಿ ಸುತ್ತುವರಿಯುತ್ತವೆ. ಸುತ್ತಲೂ ಬಾವು ಬಂದು, ಪಕ್ಕದ ನರಕೋಶಗಳು ಕೆರಳಿ ಫಿಟ್ಸ್ ಬರುತ್ತೆ. ಅಂದರೆ ನಾವು ಗೆಲ್ಲುವ ಹೊತ್ತಿಗೇ ಪೆಟ್ಟು. ಸ್ಕ್ಯಾನ್‌ನಲ್ಲಿ ಉಂಗುರದಂತೆ ಕಾಣೋದು ಹೆಚ್ಚಾಗಿ ಈ ಮುತ್ತಿಗೆಯೇ. ಒಂದು ಕಾಲದಲ್ಲಿ ಇದನ್ನು ಟಿಬಿ ಗಂಟು ಅಂದುಕೊಂಡು ಎಷ್ಟೋ ಜನರಿಗೆ ಟಿಬಿ ಮಾತ್ರೆ ಕೊಟ್ಟರು. ಇಂಥ ಗಂಟುಗಳಲ್ಲಿ ಬಹಳಷ್ಟು ಹುಳುವಿನವೇ ಅಂತ ತೋರಿಸಿದವರು ವೆಲ್ಲೂರಿನ ಸಿಎಂಸಿಯ ವೇದಾಂತಂ ರಾಜಶೇಖರ್ ಮತ್ತು ಮ್ಯಾಥ್ಯೂ ಚಾಂಡಿ.

ಚಿಕಿತ್ಸೆಯೂ ವಿಚಿತ್ರ. ಆಲ್ಬೆಂಡಜೋಲ್ ಹುಳುವನ್ನು ಕೊಲ್ಲುತ್ತೆ, ಜೊತೆಗೆ ಕೊಡುವ ಸ್ಟೆರಾಯ್ಡ್ ನಮ್ಮದೇ ಸೈನ್ಯವನ್ನು ಹಿಡಿದಿಡುತ್ತೆ. ಹುಳುಗಳು ಬಹಳ ಇದ್ದು ಮೆದುಳು ಬಾತಿದ್ದರೆ ಆಲ್ಬೆಂಡಜೋಲ್ ಕೊಡೋದೇ ಇಲ್ಲ, ಮೊದಲು ಬಾವು ಇಳಿಸ್ತಾರೆ. ಎಲ್ಲ ಒಟ್ಟಿಗೆ ಸತ್ತರೆ ಆ ದಾಳಿಯೇ ಪ್ರಾಣ ತೆಗೆಯಬಹುದು. ಹಾಗಾಗಿ ಫಿಟ್ಸ್ ಬಂದವರಿಗೆ ಸ್ಕ್ಯಾನ್ ಮಾಡಿಸದೆ, ಮೆಡಿಕಲ್ ಶಾಪ್‌ನಿಂದ ಹುಳುವಿನ ಮಾತ್ರೆ ತಂದು ನುಂಗಿಸಬೇಡಿ.